ಎರಡನೇ ಸಲ ಕೇಳದ ಮಿಷನ್ನು

ಮೊಳಕಾಲ್ಮೂರು,
ಮೇ ತಿಂಗಳ ಮೂರನೇ ಶುಕ್ರವಾರ

ನನ್ನ ಮಂಜಿಗೆ ನಿನ್ನವ್ವ ಸೂರಮ್ಮನ ಆಶೀರ್ವಾದ.

ನಾನಿಲ್ಲಿ ಕ್ಷೇಮ, ನೀನಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಬೇಕಿತ್ತು. ಆ ಸಾಲಿನ ಎರಡು ಅರ್ಧವೂ ಸುಳ್ಳಾಗುವುದರಿಂದ ಬಿಟ್ಟಿದ್ದೇನೆ. ಬದಲಿಗೆ ನನಗೆ ಬರುವ ಕೆಲಸದಿಂದಲೇ ಶುರು ಮಾಡುತ್ತೇನೆ: ಊರಿಗೆ ನೆಟ್ ಕೊಡುವ ಈ ಮಿಷನ್ನಿನ ದೆಸೆಯಿಂದ ಇಲ್ಲಿಯವರೆಗೆ ಏನೇನು ಹೋಯಿತು ಎಂಬ ಲೆಕ್ಕ.

ರಾಂಪುರದ ಗಿರಾಕಿಗಳು ಹೋದರು. ಒಬ್ಬರೂ ಉಳಿಯಲಿಲ್ಲ, ಎಲ್ಲ ಚಿತ್ತಪ್ಪನ ನೆಟ್ ಲೈನಿಗೆ. ಕೊಂಡ್ಲಹಳ್ಳಿಯವರಲ್ಲಿ ಅರ್ಧ ಹೋದರು. ಉಳಿದವರು ಮುಖ ನೋಡಿ ಹೇಳಲಾರದೆ ಕುಳಿತಿದ್ದಾರೆ. ಎದುರುಮನೆ ಕರಿಯಕ್ಕ ಮಾತು ಬಿಟ್ಟಳು, ಧಾರಾವಾಹಿಯಲ್ಲಿ ತಾಳಿ ಕಟ್ಟುವ ಹೊತ್ತಿಗೇ ಅವಳ ಟಿವಿ ನಿಂತಿತಂತೆ. ಚಳ್ಳಕೆರೆಯಲ್ಲಿ ಮಿಷನ್ನಿಗೆ ಡಿಸ್ಕು ಮಾರಿದ ಅಂಗಡಿಯವನ ವಿಶ್ವಾಸ ಹೋಯಿತು. ಕೆಟ್ಟ ಮಾಲು ಕೊಟ್ಟೆಯೆಂದು ನಾಲ್ಕು ಜನರ ಮುಂದೆ ಬೈದುಬಂದಿದ್ದೆ, ಅವನ ತಪ್ಪು ಎಳ್ಳಷ್ಟೂ ಇರಲಿಲ್ಲ. ಸೂರಮ್ಮ ಹೇಳಿದಳೆಂದರೆ ಆಯಿತು ಎನ್ನುತ್ತಿದ್ದ ಬಜಾರಿನಲ್ಲಿ ಈಗ ನನ್ನನ್ನು ಕಂಡ ಕೂಡಲೇ ಮೊಬೈಲು ಎತ್ತಿ ತೋರಿಸುತ್ತಾರೆ. ಗಡಿಯಾಚೆಯಿಂದ ಸೀರೆ ಕೊಳ್ಳಲು ಬಂದವರೂ "ನೆಟ್ ಲೇದಕ್ಕಾ" ಎಂದು ತೆಲುಗಿನಲ್ಲಿ ದನಿ ಸೇರಿಸುತ್ತಾರೆ. ಇವೆಲ್ಲ ಸಣ್ಣ ಬಾಬತ್ತುಗಳು. ದೊಡ್ಡದು ಒಂದೇ: ನಿನ್ನ ಫೋನು ಬರುವುದು ನಿಂತಿತು.

ಸೋಮವಾರ ಬೆಳಿಗ್ಗೆ ನಾನು ಚಳ್ಳಕೆರೆಗೆ, ನಿನ್ನತ್ತೆಯ ಮನೆ ಬಾಗಿಲಿಗೆ ಬರುತ್ತೇನೆ. ನಿನ್ನನ್ನು ಕರೆದುಕೊಂಡು ಬರಲು. ಹಬ್ಬಕ್ಕಲ್ಲ, ನಾಲ್ಕು ದಿನಕ್ಕಲ್ಲ. ಮತ್ತೆ ಕಳಿಸುವ ಮಾತಿಲ್ಲ. ಈ ಕಾಗದ ಅದರ ಸಲುವಾಗಿ.

ಇದು ನಿನ್ನ ಕೈಗೆ ಹೇಗೆ ಬಂತೆಂದು ಗಾಬರಿಯಾಗಬೇಡ. ನಿಮ್ಮ ಮನೆಯ ಹೆಂಗಸರಿಗೆಲ್ಲ ಬ್ಲೌಸು ಹೊಲಿಯುವ ಫರ್ಹತ್, ಕಂಪ್ಯೂಟರ್ ರಿಪೇರಿ ಮಾಡುವ ಜಾವೀದನ ತಂಗಿ. ಹೊಲಿದ ಬ್ಲೌಸಿನ ಮಡಿಕೆಯಲ್ಲಿ ಇದನ್ನು ಇಟ್ಟು ತರುತ್ತಾಳೆ. ಹಾಕಿ ನೋಡು ಎಂದು ನಿನ್ನನ್ನು ಒಳಕ್ಕೆ ಕರೆದು ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲೇ ಓದಿ ಅವಳ ಕೈಗೇ ವಾಪಸು ಕೊಡು. ನಿನ್ನವ್ವನಿಗೆ ಚಿಕ್ಕದಾಗಿ ಮಾತಾಡಲೂ ಬರುವುದಿಲ್ಲ, ಬರೆಯಲೂ ಬರುವುದಿಲ್ಲ. ಹೊತ್ತು ಸಾಲದಿದ್ದರೆ ಕೊನೆಯ ಹಾಳೆ ಮೊದಲು ಓದು.

ಇನ್ನು ವಿಷಯ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ನನ್ನ ಕಣ್ಣೆದುರಿಗೇ ಇದ್ದದ್ದು ನನಗೆ ಕಂಡಿರಲಿಲ್ಲ, ಅದಕ್ಕೆ.

ನಿಮ್ಮಪ್ಪ ಹೋದ ಮೇಲೆ ಬಳೆ ಗಾಡಿಯ ಪಕ್ಕದಲ್ಲಿ ರೀಚಾರ್ಜ್ ಮಾಡುತ್ತ ಕುಳಿತವಳು ನಾನು. ಅಲ್ಲಿಂದ ಕೇಬಲ್ಲು, ಕೇಬಲ್ಲಿನಿಂದ ನೆಟ್. ಕಂಬದ ಮೇಲಿನ ಕೆಲಸವೆಲ್ಲ ನನ್ನ ಬಾಯಿಂದ ಆಯಿತು, ಮಿಷನ್ನಿನೊಳಗಿನ ಕೆಲಸವೆಲ್ಲ ನಿನ್ನ ಕೈಯಿಂದ. ಊರಿಗೆಲ್ಲ ನೆಟ್ ಹಂಚುವ ಆ ಹಳೇ ಕಂಪ್ಯೂಟರಿಗೆ ಲೈನಕ್ಸ್ ಹಾಕೋಣ ಅವ್ವ, ಪುಕ್ಕಟೆ ಸಿಗುತ್ತದೆ ಎಂದವಳು ನೀನು. ಪುಕ್ಕಟೆ ಎಂದ ಮೇಲೆ ನಾನು ಬೇರೇನೂ ಕೇಳಲಿಲ್ಲ. ಮದುವೆಗೆ ಮುಂಚೆ ಹಳೇ ಡಿಸ್ಕು ತೆಗೆದು ಹೊಸದು ಹಾಕಿದೆಯಲ್ಲ, ಆಗಲೇ ಮೊದಲ ಸಲ ಮಿಷನ್ನು ಮುಷ್ಕರ ಹೂಡಿದ್ದು. ಕರೆಂಟು ಬಂದರೂ ಅದು ಊರಿಗೆ ನೆಟ್ ಕೊಡಲಿಲ್ಲ. ನೀನು ಮಂಡಕ್ಕಿ ತಿನ್ನುತ್ತ ನನಗೆ ವಿವರಿಸಿದ್ದು ಈಗಲೂ ಕಿವಿಯಲ್ಲಿದೆ.

"ಅವ್ವ, ಮಿಷನ್ ಏಳುವಾಗ ಒಳಗಿರೋರನ್ನೆಲ್ಲ ಒಟ್ಟಿಗೆ ಎಬ್ಬಿಸ್ತೈತೆ. ಹಳೇ ಡಿಸ್ಕು ನಿಧಾನ ಇತ್ತು, ಅದಕ್ಕೇ ಯಾರಿಗೂ ಅವಸರ ಇರಲಿಲ್ಲ. ಹೊಸದು ಚುರುಕು. ಊರಿಗೆ ನೆಟ್ ಹಂಚೋ ಪ್ರೋಗ್ರಾಮು ದಡಕ್ಕನೆ ಎದ್ದು ನಿಂತ್ಕಂತೈತೆ. ಲೈನಿನ ಕಾರ್ಡು ಇನ್ನೂ ಕಣ್ಣು ಉಜ್ಕಂತಿರ್ತೈತೆ. ಪ್ರೋಗ್ರಾಮು ಒಂದ್ಸಲ ಕೇಳ್ತೈತೆ, ಕಾರ್ಡು ಐತಾ ಅಂತ. ಇಲ್ಲ ಅಂದ್ರೆ ಮುದುರ್ಕಂಡು ಮಲಗಿಬಿಡ್ತೈತೆ."

"ಆಮೇಲೆ ಕಾರ್ಡು ಎದ್ದಾಗ?"

"ಎದ್ದರೇನು ಬಂತು. ಇದು ಎರಡನೇ ಸಲ ಕೇಳಲ್ಲವ್ವ."

ನಾನು ನಕ್ಕಿದ್ದೆ. ನಿಮ್ಮಪ್ಪನ ಕಡೆ ಬಳಗದವರ ಥರ ಐತಲ್ಲೇ ಇದು ಎಂದಿದ್ದೆ. ನೀನು ಅದಕ್ಕೆ ಕಾಯುವುದನ್ನು ಕಲಿಸಿದೆ. ಕಾರ್ಡು ಏಳುವ ತನಕ ಕಾದು ಆಮೇಲೆ ಕೆಲಸಕ್ಕೆ ಇಳಿ ಎಂದು ಯಾವುದೋ ಒಂದು ಸಾಲು ಬರೆದೆ, ಅಲ್ಲಿಗೆ ಮುಗಿಯಿತು. ನಿನ್ನ ಮದುವೆಯ ದಿನ ನಾಲ್ಕು ಸಲ ಕರೆಂಟು ಹೋಗಿ ಬಂದರೂ ಮಿಷನ್ನು ತಾನೇ ಎದ್ದು ಕುಳಿತಿತ್ತು.

ಆಮೇಲೆ ದೀಪಾವಳಿ ಬಂತು. ನೀನು ಬಂದೆ, ಎರಡು ದಿನ ಇದ್ದೆ, ಹೋದೆ. ನೀನು ಹೋದ ಮೇಲೆ ವಾರದೊಳಗೆ ಮಿಷನ್ನು ಮತ್ತೆ ಹಳೇ ಚಾಳಿ ಹಿಡಿಯಿತು.

ನಾನು ಏನು ಮಾಡಬೇಕಿತ್ತೋ ಎಲ್ಲ ಮಾಡಿದೆ. ಡಿಸ್ಕಿನವನನ್ನು ಬೈದೆ. ಬ್ಯಾಟರಿ ಬದಲಿಸಿದೆ. ಮಿಷನ್ನಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಕೊನೆಗೆ ಪ್ರತಿ ಸಲವೂ ನಿನಗೇ ಫೋನು ಮಾಡಿದೆ.

ನಿಮ್ಮ ಮನೆಯ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ನಮ್ಮಲ್ಲಿ ಸೊಸೆಯರಿಗೆ ಬೇರೆ ಫೋನು ಇಡುವುದಿಲ್ಲ ಎಂದು ನಿನ್ನತ್ತೆ ರೇಣುಕಮ್ಮನವರು ಮೊದಲ ತಿಂಗಳೇ ನಿನ್ನ ಫೋನನ್ನು ಬೀರುವಿಗೆ ಸೇರಿಸಿದರು. ಮಾತಾಡಬೇಕೆಂದರೆ ಅವರ ಫೋನು, ಅವರ ನಡುಮನೆ, ಅದೂ ಸ್ಪೀಕರಿಗೆ ಹಾಕಿ. ಆದರೆ ಮಿಷನ್ನಿನ ಫೋನಿಗೆ ಮಾತ್ರ ಬೇರೆ ಕಾನೂನು. ಯಾಕೆಂದರೆ ನಿಮ್ಮ ಸಂಬಂಧ ಕುದುರಿಸಿದ ಪಾಲಾಕ್ಷಪ್ಪ, ನಿನ್ನತ್ತೆಯ ಸ್ವಂತ ಅಣ್ಣ, ಇಲ್ಲಿ ನನ್ನ ಲೈನಿನ ಮೇಲೆ ಸೀರೆ ವ್ಯಾಪಾರ ಮಾಡುವವರು. ಮಗ್ಗದಿಂದ ಇಳಿಸಿದ ಸೀರೆಯನ್ನು ವಿಡಿಯೋದಲ್ಲಿ ಬಿಚ್ಚಿ ಹಿಡಿದು ಎಲ್ಲೆಲ್ಲಿಯೋ ಮಾರುತ್ತಾರೆ. ನೆಟ್ ಹೋದರೆ ತಂಗಿಗೆ ಫೋನು ಮಾಡಿ ಆ ಹುಡುಗಿ ಕೈಗೆ ಫೋನು ಕೊಡಮ್ಮ ಎನ್ನುತ್ತಿದ್ದರು. ನಿಮ್ಮ ಮನೆಯೊಳಗೆ ಮಾತು ಕಡಿದು ಕಡಿದು ಬರುತ್ತದೆ, ಮಿಷನ್ನಿಗೆ ಒಂದಕ್ಷರ ತಪ್ಪಿದರೂ ಆಗದು. ಆದ್ದರಿಂದ ನೀನು ತಾರಸಿಗೆ ಹೋಗಬೇಕು. ರೇಣುಕಮ್ಮನವರ ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲ.

ಇಷ್ಟೂ ನನಗೆ ಗೊತ್ತಿತ್ತು ಮಂಜಿ. ಬಿಡಿಬಿಡಿಯಾಗಿ ಎಲ್ಲ ಗೊತ್ತಿತ್ತು. ಕೂಡಿಸಿ ನೋಡಿರಲಿಲ್ಲ. ಊರಿನ ಸಾಲ, ಬಡ್ಡಿ, ಬಾಡಿಗೆ ಎಲ್ಲ ಬೆರಳಲ್ಲಿ ಕೂಡಿಸುವ ನಿನ್ನವ್ವ ಇದೊಂದನ್ನು ಕೂಡಿಸಲಿಲ್ಲ.

ನೀನು ತಾರಸಿಯಿಂದ ಒಂದೊಂದೇ ಅಕ್ಷರ ಹೇಳುತ್ತಿದ್ದೆ. ನಾನು ಒಂದೊಂದೇ ಗುಂಡಿ ಒತ್ತುತ್ತಿದ್ದೆ. ಮೊದಲು ಪಾಸ್‌ವರ್ಡು; ಅದನ್ನು ನೀನು ಪ್ರತಿ ಸಲ ಬದಲಿಸುತ್ತಿದ್ದೆ, ಎಲ್ಲೂ ಬರೆದಿಡಬೇಡವ್ವ, ಕಳ್ಳರಿರ್ತಾರೆ ಎನ್ನುತ್ತಿದ್ದೆ. ನನ್ನ ಮಗಳು ಎಷ್ಟು ಹುಷಾರೆಂದು ನಾನು ಹಿಗ್ಗುತ್ತಿದ್ದೆ. ಆಮೇಲೆ ಕಾರ್ಡು ಎಬ್ಬಿಸುವ ಸಾಲು. ಆಮೇಲೆ ಪ್ರೋಗ್ರಾಮು ಎಬ್ಬಿಸುವ ಸಾಲು. ನಡುನಡುವೆ ನೀನು, "ಈಗ ಪರದೆ ಮೇಲೆ ಏನೇನು ಬಂದೈತೆ ಎಲ್ಲ ಓದವ್ವ, ಮೇಲಿಂದ ಓದು" ಎನ್ನುತ್ತಿದ್ದೆ. ನನಗೋ ಇಂಗ್ಲಿಷು ಅಕ್ಷರ ಕೂಡಿಸಿ ಓದುವುದೆಂದರೆ ಕಲ್ಲು ಹೊರುವ ಕೆಲಸ. ಓದುತ್ತಿದ್ದೆ, ನೀನು ಹೂಂಗುಟ್ಟುತ್ತಿದ್ದೆ. ಓದಿ ಮುಗಿಸಿದರೆ, "ಇನ್ನೊಂದ್ಸಲ ಓದು, ಎಲ್ಲೋ ತಪ್ಪೈತೆ" ಎನ್ನುತ್ತಿದ್ದೆ. ತಪ್ಪು ಇರುತ್ತಿರಲಿಲ್ಲ ಎಂದು ಜಾವೀದ್ ಈಗ ಹೇಳುತ್ತಾನೆ. ಆ ಓದಿನ ಅಗತ್ಯವೇ ಇರಲಿಲ್ಲವಂತೆ.

ನಡುವೆ ಒಮ್ಮೆ ನೀನು, "ಇವತ್ತು ಏನವ್ವ ಸಾರು?" ಎಂದು ಕೇಳಿದ್ದೆ. ನಾನು, "ಸಾರು ಕಟ್ಕಂಡು ಏನ್ ಮಾಡ್ತೀಯ, ರಾಂಪುರದೋರು ಬಾಯಿ ಬಡ್ಕಂತಾವ್ರೆ, ಮುಂದಿನ ಅಕ್ಷರ ಹೇಳೇ" ಎಂದೆ. ಇನ್ನೊಮ್ಮೆ, ನೆಟ್ ಬಂದು ದೀಪಗಳು ಮಿಣುಕತೊಡಗಿದವು, ನೀನು "ಅವ್ವ, ಇನ್ನೊಂದು..." ಎಂದಾಗಲೇ ನಾನು ಬಂತು ಬಂತು ಎಂದು ಫೋನು ಇಟ್ಟುಬಿಟ್ಟೆ. ಆ ಇನ್ನೊಂದು ಏನೆಂದು ಈಗ ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇನೆ. ಯುಗಾದಿಯ ಹೊತ್ತಿಗೆ ಒಮ್ಮೆ ನಾನೇ ಚೆನ್ನಾಗಿದೀಯೇನೇ ಎಂದೆ. ನೀನು ಹೂಂ ಎಂದೆ. ನಾನು ಎರಡನೇ ಸಲ ಕೇಳಲಿಲ್ಲ.

ಕಳೆದ ವಾರ ದೊಡ್ಡ ಗಾಳಿ ಎದ್ದು ಕರೆಂಟು ಹೋದಾಗ ಫೋನು ಮಾಡಿದರೆ ರೇಣುಕಮ್ಮನವರೇ ಎತ್ತಿದರು. "ಬೀಗರೆ, ನಾವು ಸೊಸೆ ತಂದ್ಕಂಡ್ವೋ ಇಲ್ಲಾ ನಿಮ್ಮ ಅಂಗ್ಡಿಗೆ ಮೆಕ್ಯಾನಿಕ್ ಇಟ್ಕಂಡ್ವೋ? ಮೆಟ್ಲು ಹತ್ತಿದ್ರೆ ಇಳಿಯೋದೇ ಇಲ್ಲ. ಬೇರೆ ಯಾರನ್ನಾದ್ರೂ ನೋಡ್ಕಳಿ" ಎಂದರು. ಅವರ ಅಣ್ಣನ ಹೆಸರು ಹೇಳಿದೆ. "ನಮ್ಮಣ್ಣನಿಗೆ ನಾನು ಹೇಳ್ಕಂತೀನಿ ಬಿಡಿ" ಎಂದರು. ಹಿಂದೆ ನಿನ್ನ ದನಿ ಕೇಳಿಸಿತು. ಏನೆಂದೆಯೋ ತಿಳಿಯಲಿಲ್ಲ, ಪಾತ್ರೆ ಬಿದ್ದ ಸದ್ದಾಯಿತು, ಫೋನು ನಿಂತಿತು.

ಮರುದಿನವೇ ಬಸ್ಸು ಹತ್ತಿ ಬಂದೆನಲ್ಲ. ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು, ಎಣ್ಣೆ ಮಿಲ್ಲಿನ ಕಷ್ಟಸುಖ ಹೇಳಿದರು. ಅಳಿಯ ಬಾಲರಾಜು ನನ್ನ ಕಡೆ ನೋಡದೆ ಹಿಂಡಿ ಮೂಟೆಯ ಲೆಕ್ಕ ಎಣಿಸುತ್ತ ಕುಳಿತಿದ್ದ. ನಿನ್ನನ್ನು ಕರೆದರು. ನೀನು ಬಂದು ನಿನ್ನತ್ತೆಯ ಕುರ್ಚಿಯ ಹಿಂದೆ ನಿಂತೆ, ಚೆನ್ನಾಗಿದೀನವ್ವ ಎಂದೆ. ಸೆಕೆಯ ದಿನ ಉದ್ದ ತೋಳಿನ ಬ್ಲೌಸು ಯಾಕೆ ಹಾಕಿದ್ದೆ ಎಂದು ಬಸ್ಸು ಹತ್ತಿದ ಮೇಲೆ ನನಗೆ ಹೊಳೆಯಿತು. ಇಳಿದು ವಾಪಸು ಬರಲೇ ಎಂದುಕೊಂಡೆ. ಬಂದು ಏನೆಂದು ಕೇಳಲಿ? ಜಗಳ ತೆಗೆದರೆ ನನ್ನನ್ನು ಹೊರಗೆ ಕಳಿಸುತ್ತಾರೆ, ಬಾಗಿಲು ಹಾಕಿದ ಮೇಲೆ ಒಳಗೆ ಉಳಿಯುವವಳು ನೀನು. ಅಲ್ಲಿಂದ ಇಲ್ಲಿಯವರೆಗೆ ಯಾರು ಟಿಕೆಟ್ಟು ಕೊಟ್ಟರೋ, ನಾನು ಎಲ್ಲಿ ಇಳಿದೆನೋ ನನಗೆ ಎಚ್ಚರವಿಲ್ಲ.

ಅದೇ ದಿನ ನಿಮ್ಮ ಮನೆಗೆ ಬರುವ ಮುಂಚೆ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಜಾವೀದನ ರಿಪೇರಿ ಅಂಗಡಿಗೆ ಹೋಗಿ, ನಮ್ಮ ಮಿಷನ್ನು ನೋಡಲು ಬಾರಪ್ಪ ಎಂದು ಹೇಳಿಬಂದಿದ್ದೆ. ಅಲ್ಲೇ ಒಳಗೆ ಹೊಲಿಗೆ ಮಿಷನ್ ತುಳಿಯುತ್ತಿದ್ದ ಫರ್ಹತ್ ನಾನು ಯಾರ ಅವ್ವನೆಂದು ಆಗ ತಿಳಿದುಕೊಂಡಳು. ಆಗ ಏನೂ ಹೇಳಲಿಲ್ಲ. ಅಣ್ಣ ಮೊಳಕಾಲ್ಮೂರಿಗೆ ಬರುವ ದಿನ ತಾನೂ ಜೊತೆಗೆ ಬಂದಳು. ಚಾಪೆಯ ಮೇಲೆ ಕೂತು, ನೀರು ಕುಡಿದು, ನನ್ನ ಮುಖ ನೋಡದೆ ಹೇಳಿದಳು.

"ಅಕ್ಕಾ, ನಂಗೆ ಮನೆಮನೆ ಮಾತು ಆ ಮನೆಯಿಂದ ಈ ಮನೆಗೆ ಹೊರೋ ಅಭ್ಯಾಸ ಇಲ್ಲ. ಅದು ಮಾಡಿದ್ರೆ ಯಾರೂ ಬಟ್ಟೆ ಕೊಡಲ್ಲ. ಆದ್ರೆ ನಿಮ್ಮ ಮಂಜಕ್ಕನ ಬ್ಲೌಸು ವರ್ಷದಾಗೆ ಎರಡು ಸಲ ಒಳಗೆ ಹಿಡಿದಿದೀನಿ. ಹೊಸದಾಗಿ ಮದುವೆ ಆದೋರದ್ದು ಹೊಲಿಗೆ ಬಿಚ್ಚಿ ಸಡಿಲ ಮಾಡೋ ಕೆಲಸ ಇರ್ತದೆ, ಹಿಡಿಯೋ ಕೆಲಸ ಇರಲ್ಲ. ಈ ಸಲ ತೋಳಿನ ಅಳತೆ ತಗೊಂತಿದ್ದೆ..."

ಆಮೇಲೆ ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತಿದೆ, ನಿನ್ನ ತೋಳಿಗೆ ಗೊತ್ತಿದೆ. ನನಗೂ ಗೊತ್ತಾಯಿತು ಎಂದಷ್ಟೇ ತಿಳಿದುಕೋ.

ಒಳಗೆ ಜಾವೀದ್ ಮಿಷನ್ನು ಬಿಚ್ಚುತ್ತಿದ್ದ. ಪಾಸ್‌ವರ್ಡು ನನ್ನ ಬಳಿ ಇಲ್ಲವಲ್ಲ. ಅವನು ಡಿಸ್ಕನ್ನೇ ಕಳಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಓದಿದ. ಸ್ವಲ್ಪ ಹೊತ್ತಿಗೆ ಕರೆದ.

"ಅಕ್ಕಾ, ಇಲ್ಲಿ ನೋಡ್ರಿ. ಕಾರ್ಡು ಏಳೋ ತನಕ ಕಾಯಿ ಅಂತ ಇಲ್ಲಿ ಬರೆದೇ ಐತೆ. ಮಂಜಕ್ಕನೇ ಬರೆದಿರೋದು, ಚೊಕ್ಕ ಬರೆದವ್ರೆ."

"ಬರೆದಿದ್ರೆ ಯಾಕೆ ಕಾಯಲ್ಲ ಅದು?"

"ಸಾಲಿನ ಮುಂದೆ ಈ ಗುರುತು ಐತಲ್ಲ. ಇದು ಹಾಕಿದ್ರೆ ಮಿಷನ್ನು ಆ ಸಾಲನ್ನ ಓದಲ್ಲ, ದಾಟ್ಕಂಡು ಹೋಗ್ತೈತೆ. ಸಾಲು ಇದ್ದೂ ಇಲ್ಲದಂಗೆ."

ನೋಡಿದೆ. ಹಾಸು ಎರಡು ಎಳೆ, ಹೊಕ್ಕು ಎರಡು ಎಳೆ, ಮಗ್ಗದ ಮೇಲೆ ನಿಂತುಹೋದ ನೇಯ್ಗೆಯ ಹಾಗೆ ಒಂದು ಸಣ್ಣ ಗುರುತು.

"ತಪ್ಪಿ ಬಿದ್ದಿರಬಹುದೇನೋ" ಎಂದೆ.

"ತಪ್ಪಿ ಬೀಳೋದಲ್ಲಕ್ಕ ಇದು. ಫೈಲು ಕಡೇ ಸಲ ಮುಟ್ಟಿದ ದಿನ ತೋರಿಸ್ತೈತೆ. ದೀಪಾವಳಿ ದಿನ."

ಜಾವೀದ್ ನನ್ನ ಮುಖ ನೋಡಿ, ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದ. ಒಳ್ಳೆಯವರು ಬೆಳೆಸಿದ ಹುಡುಗ.

ಮಂಜಿ, ಆ ದೀಪಾವಳಿಯ ದಿನ ನಾನು ಹೋಳಿಗೆ ತಟ್ಟುತ್ತಿದ್ದೆ. ನೀನು ಮಿಷನ್ನಿನ ಮುಂದೆ ಕುಳಿತಿದ್ದೆ. ಏನೇ ಮಾಡ್ತಿದೀಯ, ಬಂದ್ಕೂಡ್ಲೆ ಅದರ ಮುಂದೆ ಕೂತೆ ಎಂದೆ. ನೋಡ್ತಿದ್ದೆ ಕಣವ್ವ, ಚೆನ್ನಾಗಿ ಏಳ್ತೈತಾ ಅಂತ, ಎಂದೆ ನೀನು. ಆಗ ನೀನು ಹೇಳಬಹುದಿತ್ತು. ನಾನು ಒಬ್ಬಳೇ ಇದ್ದೆ, ಒಲೆ ಮುಂದೆ ಇದ್ದೆ, ಕೈಗೆ ಸಿಗುವಷ್ಟು ಹತ್ತಿರ ಇದ್ದೆ. ಯಾಕೆ ಹೇಳಲಿಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ನನ್ನ ಆ ದಿನದ ಮಾತುಗಳೇ ಒಂದೊಂದಾಗಿ ನೆನಪಾದವು. ಹೋಳಿಗೆ ತಟ್ಟುತ್ತ ನಾನು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ: ನನ್ನ ಮಗಳು ಮಿಲ್ಲಿನ ಮನೆ ಸೇರಿದಳು, ಒಂದು ಕಡ್ಡಿ ಎತ್ತಿಡುವಂತಿಲ್ಲ, ಬಳೆ ಗಾಡಿಯ ಸೂರಮ್ಮ ಎಲ್ಲಿಂದ ಎಲ್ಲಿಗೆ ಬಂದಳು ನೋಡಿ, ಎಂದು. ಅಂಥ ಬಾಯಿಯ ಮುಂದೆ ನೀನು ಏನು ಹೇಳುತ್ತೀಯ? ಹೇಳಲಾರದೆ, ಕರೆಂಟು ಹೋದಾಗಲೆಲ್ಲ ನಾನು ನಿನ್ನನ್ನು ಕೂಗುವಂತೆ ಮಾಡಿ ಹೋದೆ. ತಾರಸಿಯ ಮೇಲೆ ಹತ್ತು ನಿಮಿಷ. ನಾನು ಆ ಹತ್ತು ನಿಮಿಷವನ್ನೂ ಅವಸರ ಮಾಡಿ ಐದಕ್ಕೆ ಇಳಿಸಿದೆ.

ಊಟ ಸೇರುತ್ತಿಲ್ಲ. ದಿನವೂ ಒಂದು ಸಲ ನಿನ್ನತ್ತೆಯ ನಂಬರು ಒತ್ತುತ್ತೇನೆ, ರಿಂಗಾಗುವ ಮುಂಚೆ ಇಟ್ಟುಬಿಡುತ್ತೇನೆ; ನನ್ನ ಫೋನು ಬಂದದ್ದಕ್ಕೆ ನಿನಗೆ ಏನಾದರೂ ಆದರೆ ಎಂದು.

ಇದು ಕೊನೆಯ ಹಾಳೆ. ಇದನ್ನು ಸರಿಯಾಗಿ ಓದು.

ಕಳೆದ ಸೋಮವಾರದಿಂದ ಮೊಳಕಾಲ್ಮೂರಿನಲ್ಲಿ ನನ್ನ ಲೈನು ಪೂರ್ತಿ ಸತ್ತಿದೆ. ಮದುವೆ ಸೀಜನ್ನು. ಪಾಲಾಕ್ಷಪ್ಪ ಮಂಗಳವಾರ ಬೆಳಿಗ್ಗೆಯೇ ಬಂದು ನನ್ನ ಅಂಗಡಿಯ ಮುಂದೆ ನಿಂತರು.

"ಏನ್ ಸೂರಮ್ಮಾ, ನಿನ್ನ ಮಿಷನ್ನು ನನ್ನ ಸೀಜನ್ ತಿಂದು ನೀರು ಕುಡೀತೈತೇನು? ಅಲ್ಲಿ ಗಿರಾಕಿ ಸೀರೆ ಅಂಚು ತೋರ್ಸಿ ಅಂತಾನೆ, ಇಲ್ಲಿ ನಾನು ಕಲ್ಲಾಗಿ ಕಾಣ್ತೀನಿ."

"ನಾನೇನು ಮಾಡ್ಲಿ ಯಜಮಾನ್ರೆ. ಅದಕ್ಕೆ ಕೈ ಹಚ್ಚೋಳು ನಿಮ್ಮ ತಂಗಿ ಮನೇಲವಳೆ."

"ಫೋನ್ ಮಾಡಿ ಕೇಳು."

"ಕೊಡಲ್ಲ ಅಂದವ್ರೆ. ನಿಮ್ಮ ಹೆಸರೂ ಹೇಳಿದೆ. ನಮ್ಮಣ್ಣನಿಗೆ ನಾನು ಹೇಳ್ಕಂತೀನಿ ಬಿಡಿ ಅಂದ್ರು."

"ನನ್ನ ಹೆಸರು ಹೇಳಿದ್ರೂ?"

"ಹೇಳಿದ್ರೂನೂ. ಈಗ ಫೋನಿಗೆ ಬಗ್ಗೋ ಕೆಲಸವೂ ಅಲ್ಲ ಯಜಮಾನ್ರೆ. ಹುಡುಗಿ ಬಂದು ಕೂತು ಒಂದಿಷ್ಟು ದಿನ ಕೈಯಾಡ್ಸಬೇಕು. ಇಲ್ಲಾಂದ್ರೆ ನೀವೂ ಚಿತ್ತಪ್ಪನ ಲೈನಿಗೆ ಹೋಗಿ, ನಾನು ಬೇಜಾರು ಮಾಡ್ಕಳಲ್ಲ."

ಚಿತ್ತಪ್ಪನ ಮೇಲೆ ಅವರಿಗೆ ಸೈಟಿನ ವ್ಯಾಜ್ಯವಿದೆ. ಹೋಗಲಾರರು. ನಾನು ತಿಳಿದೇ ಹೇಳಿದ್ದು. ಮನುಷ್ಯ ಅಲ್ಲೇ ನಿಂತು ತಂಗಿಗೆ ಫೋನು ಹಚ್ಚಿದರು. ತಂಗಿ ಈ ವಾರ ಆಗದು ಎಂದಿರಬೇಕು; ಇವರು, "ನಾನು ಕೂಡಿಸಿದ ಸಂಬಂಧ ಅದು ರೇಣುಕಾ. ನನ್ನ ಮಾತಿಗೆ ಅಷ್ಟೂ ಬೆಲೆ ಇಲ್ಲೇನು? ಸೋಮವಾರ ಕಾರು ತಗಂಡು ನಾನೇ ಬರ್ತೀನಿ. ಹುಡುಗಿ ರೆಡಿ ಇರ್ಲಿ" ಎಂದು ಇಟ್ಟರು. ನಿನ್ನತ್ತೆ ಲೋಕದಲ್ಲಿ ಹೆದರುವುದು ಈ ಒಬ್ಬರಿಗೇ. ಅವರಿಗೆ ಬೇಕಾದದ್ದು ನೆಟ್ಟು, ನನಗೆ ಬೇಕಾದದ್ದು ನೀನು. ಇಬ್ಬರೂ ಒಂದೇ ಕಾರಿನಲ್ಲಿ ಬರುತ್ತೇವೆ.

ಈಗ ನೀನು ಮಾಡಬೇಕಾದದ್ದು. ಮೊದಲೇ ಗಂಟು ಕಟ್ಟಬೇಡ. ಬಾಗಿಲ ಕಡೆ ನೋಡುತ್ತ ನಿಲ್ಲಬೇಡ. ಸೀರೆ ಬದಲಿಸಬೇಡ. ಪಾಲಾಕ್ಷಪ್ಪ ಬಂದು ಕುಳಿತು, ಕಾಫಿ ಕುಡಿದು, ನಿನ್ನತ್ತೆ ತನ್ನ ಬಾಯಿಂದಲೇ ಹೋಗಿ ಬಾ ಎಂದ ಮೇಲೆ ಎದ್ದೇಳು. ಅದಕ್ಕೂ ಮುಂಚೆ ಎದ್ದೆಯೋ, ಕೆಲಸ ಕೆಟ್ಟಿತು. ಯಾವುದು ಮೊದಲು ಏಳಬೇಕು, ಯಾವುದು ಕಾಯಬೇಕು ಎಂದು ನಿನಗೆ ನಾನು ಹೇಳಿಕೊಡಬೇಕಿಲ್ಲ.

ನಿನ್ನ ಅಂಕಪಟ್ಟಿಗಳು ಟ್ರಂಕಿನ ತಳದಲ್ಲಿ ಇದ್ದರೆ ಅವನ್ನು ಹಳೇ ಬ್ಲೌಸಿನಲ್ಲಿ ಸುತ್ತಿ ಇವತ್ತೇ ಫರ್ಹತ್‌ಗೆ ಹೊಲಿಯಲು ಕೊಟ್ಟುಬಿಡು. ಒಡವೆ ಬಿಡು. ಅದನ್ನು ನಾನು ಮನಸ್ಸಿನಲ್ಲೇ ಹೊಡೆದುಹಾಕಿದ್ದೇನೆ. ಮುಂದೆ ಪೊಲೀಸೋ ಪಂಚಾಯ್ತಿಯೋ ಕೋರ್ಟೋ, ಅದನ್ನು ನೀನು ನನ್ನ ಮಗ್ಗುಲಲ್ಲಿ ಕುಳಿತ ಮೇಲೆ ನಿನ್ನನ್ನೇ ಕೇಳಿ ಮಾಡೋಣ.

ಇನ್ನೊಂದು. ನಿನ್ನ ಮನಸ್ಸು ತಿಳಿಯದೆ ನಾನು ಇಷ್ಟೆಲ್ಲ ಕಟ್ಟಿದ್ದೇನೆ. ಸಂಬಂಧ ಕೂಡಿಸುವಾಗಲೂ ಹೀಗೇ ಮಾಡಿದ್ದೆ. ಆದ್ದರಿಂದ ಕೇಳುತ್ತೇನೆ, ಇದು ಎರಡನೇ ಸಲ: ಅಲ್ಲಿ ಚೆನ್ನಾಗಿದ್ದೀಯಾ ಮಂಜಿ? ಹೌದಾದರೆ ಫರ್ಹತ್‌ಗೆ ಬ್ಲೌಸು ಸರಿಯಾಗಿ ಕೂತಿದೆ ಎನ್ನು. ನಾನು ಪಾಲಾಕ್ಷಪ್ಪನಿಗೆ ಏನೋ ಒಂದು ಸಬೂಬು ಹೇಳುತ್ತೇನೆ, ಅದಕ್ಕೇನೂ ನನ್ನಲ್ಲಿ ಬರವಿಲ್ಲ. ಇಲ್ಲವಾದರೆ ತೋಳು ಬಿಗಿ ಎನ್ನು. ಅಷ್ಟೇ ಸಾಕು. ಯಾರು ಕೇಳಿದರೂ ಕೇಳಲಿ.

ನಿನ್ನ ದನಿಗೆ ಕಾದಿರುವ
ನಿನ್ನವ್ವ ಸೂರಮ್ಮ

ಮರೆತದ್ದು: ಮಿಷನ್ನು ಕೆಟ್ಟಿಲ್ಲ. ಭಾನುವಾರವೇ ಜಾವೀದ್ ಆ ಗುರುತು ಅಳಿಸಿ, ಹೊಸ ಪಾಸ್‌ವರ್ಡು ಹಾಕಿ, ಮೂರು ಸಲ ಕರೆಂಟು ತೆಗೆದು ಕೊಟ್ಟು ನೋಡಿದ. ಮೂರು ಸಲವೂ ಅದು ಸುಮ್ಮನೆ ಕಾದು, ಕಾರ್ಡು ಎದ್ದ ಮೇಲೆ ಎದ್ದಿತು. ಆ ಸಾಲು ಎಲ್ಲಿದೆ, ಹೇಗೆ ತೆಗೆಯುವುದು ಎಂದು ನಾನು ಅವನಿಂದ ತೋರಿಸಿಕೊಂಡೆ. ಸೋಮವಾರ ಅಂಗಡಿ ಬಾಗಿಲು ತೆಗೆದವಳೇ ಆ ಗುರುತನ್ನು ನೀನು ಹಾಕಿದ್ದ ಜಾಗದಲ್ಲೇ ಮತ್ತೆ ಹಾಕಿದೆ. ಕರೆಂಟು ಹೋಗಲೆಂದು ಕಾಯುವ ತಾಳ್ಮೆ ಇರಲಿಲ್ಲ, ಮೇನ್ ಸ್ವಿಚ್ಚನ್ನು ನಾನೇ ಇಳಿಸಿ ಎತ್ತಿದೆ. ಸುಮ್ಮನೆ ಸುಳ್ಳು ಹೇಳಿದರೆ ಪಾಲಾಕ್ಷಪ್ಪನ ಫೋನೇ ಸಾಕ್ಷಿ ಹೇಳಿಬಿಡುತ್ತಿತ್ತು; ಊರೇ ಸಾಯಬೇಕಿತ್ತು. ಪಕ್ಕದ ಕ್ಲಿನಿಕ್ಕಿಗೆ ಮಾತ್ರ ನನ್ನ ಮೊಬೈಲಿನಿಂದ ನೆಟ್ ಕೊಟ್ಟು ಕುಳಿತಿದ್ದೇನೆ, ಅಷ್ಟು ಪಾಪ ನನಗೆ ಬೇಡ. ರಾಂಪುರದವರು ಹೋದದ್ದು ಈ ವಾರವೇ. ಹೋಗಲಿ.

ಯಾರಿಗೆ ಏನು ಸಿಕ್ಕಿತೆಂದರೆ: ಚಿತ್ತಪ್ಪನಿಗೆ ರಾಂಪುರ, ಅರ್ಧ ಕೊಂಡ್ಲಹಳ್ಳಿ. ಜಾವೀದನಿಗೆ ಒಂದು ಊಟ, ಅವನು ಬೇರೇನೂ ತೆಗೆದುಕೊಳ್ಳಲಿಲ್ಲ. ಫರ್ಹತ್‌ಗೆ, ಇದು ಬಯಲಾದರೆ ಒಂದು ಮನೆಯ ಬಟ್ಟೆ ಕಡಿಮೆ. ಪಾಲಾಕ್ಷಪ್ಪನಿಗೆ ಸೋಮವಾರ ಸಂಜೆಯ ಹೊತ್ತಿಗೆ ನೆಟ್ಟು, ನೀನು ಬಂದು ಸರಿ ಮಾಡಿದೆ ಎಂಬ ಹೆಸರಿನಲ್ಲಿ. ರೇಣುಕಮ್ಮನವರಿಗೆ ಬೀರುವಿನೊಳಗೆ ನಿನ್ನ ಹಳೇ ಫೋನು. ನನಗೆ ಲೈನಕ್ಸಿನ ಒಂದು ಸಾಲು. ನಿನಗೆ ಕಾರಿನ ಹಿಂದಿನ ಸೀಟು, ಕಿಟಕಿ ಪಕ್ಕ.